ಕೊನೆಯಿಲ್ಲದ ಒಂಬತ್ತುಗಳೂ ಪೂರ್ಣಾಂಕವಾದ ಒಂದೂ

ಅಂಕಗಣಿತದ ಮಾತುಗಳಿಗೆ ಜನರು ಸಾಮಾನ್ಯವಾಗಿ ಎದುರಾಡುವುದಿಲ್ಲ. ಏಳೆಂಟಲ ಐವತ್ತಾರು ಎಂಬುದನ್ನು ಒಪ್ಪಿಸುವುದಕ್ಕೆ ವಾದವೂ ಬೇಡ, ಸಾಕ್ಷಿಯೂ ಬೇಡ. ಮಗ್ಗಿಯನ್ನು ಬಾಯಿಪಾಠ ಮಾಡಿದ ಮಗುವೂ ಶಾಸ್ತ್ರವನ್ನೋದಿದ ಪಂಡಿತನೂ ಅದರಲ್ಲಿ ಒಂದೇ ಮನಸ್ಸಿನವರು. ಆದರೆ ಅದೇ ಅಂಕಗಣಿತದಲ್ಲಿ, ದಶಾಂಶ ಭಿನ್ನರಾಶಿಗಳ ಪಾಠವು ಮುಗಿಯುವೆಡೆಯಲ್ಲಿ, ಒಂದು ಸಣ್ಣ ಸಮೀಕರಣವುಂಟು. ಸೊನ್ನೆಯನ್ನು ಬರೆದು, ದಶಾಂಶದ ಬಿಂದುವನ್ನಿಟ್ಟು, ಅದರ ಮುಂದೆ ಒಂಬತ್ತುಗಳನ್ನು ಕೊನೆಯೇ ಇಲ್ಲದಂತೆ ಬರೆದರೆ ಆಗುವ ಸಂಖ್ಯೆಯು, ಅಂದರೆ ೦.೯೯೯…, ಒಂದಕ್ಕೆ ಸಮನಾದುದೆಂದು ಗಣಿತಜ್ಞರು ಹೇಳುವರು. ಒಂದಕ್ಕೆ ತೀರ ಹತ್ತಿರವಾದುದು, ವ್ಯವಹಾರಕ್ಕೆ ಒಂದೆಂದೇ ಎಣಿಸಬಹುದಾದುದು ಎಂದು ಅವರು ಹೇಳಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಕೂದಲೆಳೆಯಷ್ಟೂ ಭೇದವಿಲ್ಲ, ಅದೂ ಇದೂ ಒಂದೇ ಎಂಬುದು ಅವರ ಮಾತು. ಇದನ್ನು ಕೇಳಿದೊಡನೆ ಬುದ್ಧಿವಂತರಾದವರು ಕೂಡ ಹಿಂಜರಿಯುವರು. ಆ ಹಿಂಜರಿಕೆಯು ನ್ಯಾಯವಾದುದೋ ಬರಿಯ ಭ್ರಮೆಯೋ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳಬೇಕಾದುದು ಧರ್ಮ. ೦.೯ ಎಂಬುದು ಒಂದಕ್ಕಿಂತ ಹತ್ತನೆಯ ಒಂದು ಪಾಲು ಕಡಿಮೆ. ೦.೯೯ ಎಂಬುದು ನೂರನೆಯ ಒಂದು ಪಾಲು ಕಡಿಮೆ, ೦.೯೯೯ ಎಂಬುದು ಸಾವಿರದ ಒಂದು ಪಾಲು ಕಡಿಮೆ. ಹೀಗೆ ಎಷ್ಟು ದೂರ ಹೋದರೂ ಕೊರತೆಯು ಕಿರಿದಾಗುವುದೇ ಹೊರತು ಇಲ್ಲವಾಗುವುದಿಲ್ಲ. ಊರಿಗೆ ಹೊರಟ ದಾರಿಗನೊಬ್ಬನು ಪ್ರತಿದಿನವೂ ಉಳಿದ ದಾರಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಮಾತ್ರ ನಡೆಯುವನೆಂದಿಟ್ಟುಕೊಂಡರೆ, ಅವನು ಯಾವ ದಿನ ಊರ ಬಾಗಿಲನ್ನು ಮುಟ್ಟುವನು? ಯಾವ ದಿನವೂ ಇಲ್ಲ. ಮುಗಿದುದು ಮುಗಿದುದೇ, ಮುಗಿಯದುದು ಮುಗಿಯದುದೇ. ಪೂರ್ಣವಾದ ಒಂದಕ್ಕೂ ಎಂದೆಂದಿಗೂ ಪೂರ್ಣವಾಗದ ಈ ಸಾಲಿಗೂ ಸಮಾನತೆಯು ಎಲ್ಲಿಂದ ಬಂದೀತು? ಆಕ್ಷೇಪಿಸುವವನ ಮಾತು ಇಷ್ಟು. ಇದು ಮೂಢನ ಮಾತೆಂದು ತಳ್ಳಿಹಾಕುವಂತಿಲ್ಲ. ೧೯೭೮ರಲ್ಲಿ ಇಂಗ್ಲೆಂಡಿನ ಷ್ವಾರ್ಟ್ಸೆನ್‌ಬರ್ಗರ್ ಮತ್ತು ಟಾಲ್ ಎಂಬ ಗಣಿತಾಧ್ಯಾಪಕರಿಬ್ಬರು ಪ್ರಕಟಿಸಿದ ಲೇಖನವೊಂದರಲ್ಲಿ, ವಿಶ್ವವಿದ್ಯಾನಿಲಯದ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿಯೇ ಹೆಚ್ಚಿನವರು ಈ ಸಂಖ್ಯೆಯು ಒಂದಕ್ಕಿಂತ ಕಡಿಮೆಯೆಂದು ಭಾವಿಸಿದ್ದರೆಂದು ತಿಳಿಸಿರುವರು. ಗಣಿತವನ್ನೇ ವ್ಯಾಸಂಗ ಮಾಡಬಂದವರ ಮನಸ್ಸಿನಲ್ಲಿ ಹೀಗಿದ್ದರೆ ಉಳಿದವರನ್ನು ಹಳಿಯುವುದು ಹೇಗೆ?

ಈ ಆಕ್ಷೇಪಕ್ಕೆ ಪಾಠಶಾಲೆಗಳಲ್ಲಿ ಕೊಡುವ ಸಮಾಧಾನಗಳು ಎರಡು. ಒಂದನ್ನು ಮೂರರಿಂದ ಭಾಗಿಸಿದರೆ ೦.೩೩೩… ಎಂದು ಬರುವುದು. ಅದನ್ನು ಮೂರರಿಂದ ಗುಣಿಸಿದರೆ ಒಂದು ಕಡೆ ೦.೯೯೯…, ಇನ್ನೊಂದು ಕಡೆ ಒಂದು. ಆದುದರಿಂದ ಎರಡೂ ಸಮ ಎಂಬುದು ಮೊದಲನೆಯದು. ಎರಡನೆಯದು ಹೀಗೆ: ಈ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ೯.೯೯೯… ಆಗುವುದು, ಅದರಿಂದ ಮೊದಲಿನ ಸಂಖ್ಯೆಯನ್ನು ಕಳೆದರೆ ಬಿಂದುವಿನ ಮುಂದಿನದೆಲ್ಲವೂ ಅಳಿದು ಒಂಬತ್ತು ಉಳಿಯುವುದು, ಸಂಖ್ಯೆಯ ಒಂಬತ್ತರಷ್ಟು ಒಂಬತ್ತಾದರೆ ಸಂಖ್ಯೆಯು ಒಂದೇ ಆಗಬೇಕು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಆಯ್ಲರ್ ಪಂಡಿತನು ೧೭೭೦ರಲ್ಲಿ ಪ್ರಕಟವಾದ ತನ್ನ ಬೀಜಗಣಿತದಲ್ಲಿ ೯.೯೯೯… ಎಂಬುದು ಹತ್ತಕ್ಕೆ ಸಮನೆಂದು ಹೇಳಿರುವನು. ಈ ಎರಡು ಸಮಾಧಾನಗಳಲ್ಲಿಯೂ ಲೆಕ್ಕದ ತಪ್ಪಿಲ್ಲ. ಆದರೂ ಇವುಗಳಿಂದ ಬಾಯಿ ಮುಚ್ಚುವುದೇ ಹೊರತು ಮನಸ್ಸು ತೆರೆಯುವುದಿಲ್ಲ. ಕೊನೆಯಿಲ್ಲದ ಸಾಲನ್ನು ಕೊನೆಯುಳ್ಳ ಸಂಖ್ಯೆಯಂತೆಯೇ ಗುಣಿಸಬಹುದು, ಕಳೆಯಬಹುದು ಎಂಬುದನ್ನು ಇವು ಮೊದಲೇ ಒಪ್ಪಿಕೊಂಡು ಹೊರಡುತ್ತವೆ; ಆಕ್ಷೇಪಿಸುವವನ ಸಂಶಯವಾದರೋ ಅಲ್ಲಿಯೇ ಇದೆ. ಜಾಣನಾದ ವಿದ್ಯಾರ್ಥಿಯು ಮೊದಲನೆಯ ಸಮಾಧಾನವನ್ನು ಕೇಳಿ, ಹಾಗಾದರೆ ೦.೩೩೩… ಎಂಬುದೂ ಮೂರನೆಯ ಒಂದು ಪಾಲಿಗೆ ಸಮನಲ್ಲವೆಂದು ಹಿಂದಕ್ಕೆ ಸರಿಯುವನು. ಅವನ ನಡೆಯಲ್ಲಿ ದೋಷವಿಲ್ಲ.

ಅಲ್ಲದೆ ಇಂತಹ ಕೈಚಳಕಕ್ಕೆ ಒಪ್ಪಿಗೆ ಕೊಡುವ ಮುನ್ನ ಎಚ್ಚರದಿಂದಿರುವುದು ಒಳ್ಳೆಯದೇ. ಒಂಬತ್ತುಗಳನ್ನು ಬಲಕ್ಕೆ ಬರೆಯುವ ಬದಲು ಎಡಕ್ಕೆ ಕೊನೆಯಿಲ್ಲದಂತೆ ಬರೆದು, …೯೯೯ ಎಂಬುದನ್ನು ಒಂದು ಸಂಖ್ಯೆಯೆಂದು ತಿಳಿಯೋಣವಾಗಲಿ. ಅದರ ಹತ್ತರಷ್ಟು …೯೯೯೦; ಮೊದಲಿನದರಿಂದ ಇದನ್ನು ಕಳೆದರೆ ಒಂಬತ್ತು ಉಳಿಯುವುದು; ಅಂದಮೇಲೆ ಆ ಸಂಖ್ಯೆಯು ಋಣ ಒಂದು ಎಂದಾಯಿತು! ಎಣಿಕೆಗೆ ಮೀರಿದ ದೊಡ್ಡ ರಾಶಿಯೊಂದು ಸೊನ್ನೆಗಿಂತಲೂ ಚಿಕ್ಕದೆಂಬ ಈ ತೀರ್ಮಾನವನ್ನು ಸಾಮಾನ್ಯ ಸಂಖ್ಯೆಗಳ ವ್ಯವಹಾರದಲ್ಲಿ ಯಾರೂ ಒಪ್ಪಲಾರರು. ಇಟಲಿಯ ಗ್ರಾಂದಿ ಎಂಬ ಸನ್ಯಾಸಿಯು ೧೭೦೩ರಲ್ಲಿ ಒಂದನ್ನು ಕಳೆಯುತ್ತ ಕೂಡುತ್ತ ಕೊನೆಯಿಲ್ಲದೆ ಹೋಗುವ ಶ್ರೇಢಿಗೆ ಅರ್ಧವೆಂಬ ಬೆಲೆಯನ್ನು ಕಟ್ಟಿ, ಅದೇ ಶ್ರೇಢಿಯನ್ನು ಬೇರೆ ರೀತಿಯಲ್ಲಿ ಜೋಡಿಸಿದರೆ ಸೊನ್ನೆ ಬರುವುದನ್ನು ಕಂಡು, ಶೂನ್ಯದಿಂದ ಜಗತ್ತು ಸೃಷ್ಟಿಯಾಗಬಹುದೆಂಬುದಕ್ಕೆ ಇದು ನಿದರ್ಶನವೆಂದು ಬಗೆದನು. ಅನಂತವನ್ನು ಕುರಿತ ಲೆಕ್ಕದಲ್ಲಿ ಚಿಹ್ನೆಗಳು ನಡೆಸಿದತ್ತ ನಡೆದರೆ ಎಲ್ಲಿಗೆ ಬೇಕಾದರೂ ಹೋಗಿ ಸೇರಬಹುದು. ಆದುದರಿಂದ ಸಿದ್ಧಾಂತಕ್ಕೆ ಇದಕ್ಕಿಂತ ಗಟ್ಟಿಯಾದ ತಳಹದಿಯು ಬೇಕು.

ಆ ತಳಹದಿಯನ್ನು ಹುಡುಕುವ ಮುನ್ನ, ಕೊನೆಯಿಲ್ಲದಿರುವುದು ಸಂಖ್ಯೆಯ ಗುಣವೋ ಬರವಣಿಗೆಯ ಗುಣವೋ ಎಂಬುದನ್ನು ಬೇರ್ಪಡಿಸಿ ನೋಡಬೇಕು. ನಮ್ಮ ದೇಶದಲ್ಲಿ ೧೯೫೭ನೆಯ ಇಸವಿಯ ಏಪ್ರಿಲ್ ೧ರವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂಬ ಲೆಕ್ಕವಿದ್ದಿತು. ಒಂದು ರೂಪಾಯಿಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡರೆ ಒಬ್ಬೊಬ್ಬನಿಗೆ ಐದು ಆಣೆ ನಾಲ್ಕು ಪೈ; ಚಿಲ್ಲರೆ ಉಳಿಯುತ್ತಿರಲಿಲ್ಲ, ಜಗಳಕ್ಕೂ ಆಸ್ಪದವಿರುತ್ತಿರಲಿಲ್ಲ. ಅಂದಿನಿಂದ ರೂಪಾಯಿಗೆ ನೂರು ಪೈಸೆಯಾಯಿತು. ಅದೇ ರೂಪಾಯಿ, ಅದೇ ಮೂವರು. ಈಗ ಒಬ್ಬೊಬ್ಬನಿಗೆ ಮೂವತ್ತಮೂರು ಪೈಸೆ ಕೊಟ್ಟಮೇಲೆ ಒಂದು ಪೈಸೆ ಮಿಗುವುದು. ಅದನ್ನು ಹತ್ತು ಭಾಗ ಮಾಡಿ ಹಂಚಿದರೆ ಮತ್ತೊಂದು ಭಾಗ ಮಿಗುವುದು. ಹೀಗೆ ಹಂಚಿಕೆಯು ಮುಗಿಯುವಂತೆಯೇ ಇಲ್ಲ. ಒಬ್ಬನ ನ್ಯಾಯವಾದ ಪಾಲು ೧೯೫೭ರಲ್ಲಿ ಬದಲಾಯಿತೆ? ಇಲ್ಲವೇ ಇಲ್ಲ. ನೂರ ತೊಂಬತ್ತೆರಡನ್ನು ಮೂರು ಭಾಗಿಸುವುದು, ನೂರನ್ನು ಭಾಗಿಸುವುದಿಲ್ಲ, ವ್ಯತ್ಯಾಸವು ಇಷ್ಟೇ. ಹತ್ತರ ಬದಲು ಮೂರನ್ನು ಆಧಾರವಾಗಿಟ್ಟುಕೊಂಡು ಸಂಖ್ಯೆಗಳನ್ನು ಬರೆಯುವ ಜನರಿದ್ದಿದ್ದರೆ ಅವರು ಮೂರನೆಯ ಒಂದು ಪಾಲನ್ನು ೦.೧ ಎಂದು ಒಂದೇ ಅಂಕಿಯಲ್ಲಿ ಬರೆದು ಮುಗಿಸುತ್ತಿದ್ದರು. ಕೊನೆಯಿಲ್ಲದಿರುವಿಕೆಯು ವಸ್ತುವಿನಲ್ಲಿಲ್ಲ, ಅದನ್ನು ಅಳೆಯುವ ಕೊಳಗದಲ್ಲಿದೆ. ಒಂದು ವಸ್ತುವಿಗೆ ಎರಡು ಹೆಸರುಗಳಿರುವುದು ಭಾಷೆಯಲ್ಲಿ ಆಶ್ಚರ್ಯವಲ್ಲ. ಅಂಕಿಗಳೂ ಒಂದು ಬಗೆಯ ಭಾಷೆಯೇ ಸರಿ. ಆದರೆ ೦.೯೯೯… ಎಂಬುದು ಒಂದರ ಹೆಸರು ಹೌದೋ ಅಲ್ಲವೋ ಎಂಬುದು ಇನ್ನೂ ನಿರ್ಣಯವಾಗಬೇಕಾಗಿದೆ.

ಇಲ್ಲಿ ಕನ್ನಡ ನಾಡಿಗೆ ಸಂಬಂಧಪಟ್ಟ ಪ್ರಾಚೀನ ಗ್ರಂಥವೊಂದು ಸಹಾಯಕ್ಕೆ ಬರುವುದು. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. ೮೫೦ರಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. ಒಂದು ಎಂಬ ಪೂರ್ಣಾಂಕವನ್ನು, ಒಂದೇ ಅಂಶವುಳ್ಳ ಭಿನ್ನರಾಶಿಗಳ ಮೊತ್ತವಾಗಿ ಬಿಡಿಸುವ ವಿಧಾನವೊಂದನ್ನು ಅವನು ಅದರಲ್ಲಿ ಹೇಳಿರುವನು. ಮೊದಲು ಎರಡನೆಯ ಒಂದು ಪಾಲು. ಆಮೇಲೆ ಮೂರನೆಯ ಒಂದು, ಒಂಬತ್ತನೆಯ ಒಂದು, ಇಪ್ಪತ್ತೇಳನೆಯ ಒಂದು, ಹೀಗೆ ಮೂರು ಮೂರು ಪಟ್ಟು ಛೇದವನ್ನು ಹೆಚ್ಚಿಸುತ್ತ ಹೋಗಿ, ಕಟ್ಟಕಡೆಯ ಪದದಲ್ಲಿ ಮಾತ್ರ ಛೇದವನ್ನು ಅದರ ಮೂರರಲ್ಲಿ ಎರಡು ಪಾಲಿಗೆ ಇಳಿಸಬೇಕು. ನಾಲ್ಕು ಪದಗಳಲ್ಲಿ ಬಿಡಿಸುವುದಾದರೆ ಎರಡನೆಯ, ಮೂರನೆಯ, ಒಂಬತ್ತನೆಯ, ಹದಿನೆಂಟನೆಯ ಒಂದೊಂದು ಪಾಲುಗಳು. ಕೂಡಿಸಿದರೆ ಸರಿಯಾಗಿ ಒಂದು. ಇಪ್ಪತ್ತೇಳು ಬರಬೇಕಾದಲ್ಲಿ ಹದಿನೆಂಟು ಬಂದುದೇ ಕೊರತೆಯನ್ನು ತುಂಬಿತು. ಪದಗಳು ನಾಲ್ಕಿದ್ದರೂ ಸರಿ, ನಾನೂರಿದ್ದರೂ ಸರಿ, ಕೊನೆಯ ಪದವೊಂದು ಸರಿಹೊಂದಿಸಿಕೊಟ್ಟರೆ ಒಂದು ಪೂರ್ತಿಯಾಗುವುದು. ಒಂಬತ್ತುಗಳ ಸಾಲಿನಲ್ಲಿಯೂ ಹೀಗೆಯೇ ಮಾಡಬಹುದು: ೦.೯, ೦.೦೯, ೦.೦೦೯ ಇವುಗಳನ್ನು ಕೂಡಿಸಿ, ಕೊನೆಯದರ ಒಂಬತ್ತನೆಯ ಒಂದು ಪಾಲಾದ ೦.೦೦೧ನ್ನು ಸೇರಿಸಿದರೆ ಒಂದು. ಈಗ ಪ್ರಶ್ನೆಯು ತಿಳಿಯಾಯಿತು. ಸಾಲಿಗೆ ಕೊನೆಯೇ ಇಲ್ಲದಾಗ ಸರಿಹೊಂದಿಸುವ ಕೊನೆಯ ಪದವೂ ಇಲ್ಲ. ಹಾಗಾದರೆ ಅದು ತುಂಬಬೇಕಾಗಿದ್ದ ಕೊರತೆಯು ಏನಾಯಿತು?

ಈ ಪ್ರಶ್ನೆಯನ್ನು ಗ್ರೀಸಿನವರೂ ಭರತಖಂಡದವರೂ ಎದುರಿಸಿರುವರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆರ್ಕಿಮಿಡೀಸನು ಪರವಲಯದ ಖಂಡವೊಂದರ ಕ್ಷೇತ್ರಫಲವನ್ನು ಅಳೆಯುವಾಗ, ಒಂದು, ಅದರ ಕಾಲು, ಕಾಲಿನ ಕಾಲು ಎಂದು ಇಳಿಯುತ್ತ ಹೋಗುವ ತ್ರಿಕೋನಗಳ ಮೊತ್ತವನ್ನು ನೋಡಬೇಕಾಯಿತು. ಎಷ್ಟು ಪದಗಳಲ್ಲಿ ನಿಲ್ಲಿಸಿದರೂ ಕೊನೆಯ ಪದದ ಮೂರನೆಯ ಒಂದು ಪಾಲನ್ನು ಸೇರಿಸಿದರೆ ಒಂದೂ ಮೂರನೆಯ ಒಂದೂ ಆಗುವುದೆಂದು ಅವನು ತೋರಿಸಿದನು. ಬಳಿಕ ಅನಂತದ ಹೆಸರನ್ನೇ ಎತ್ತದೆ, ಕ್ಷೇತ್ರಫಲವು ಇದಕ್ಕಿಂತ ಹೆಚ್ಚೆಂದರೂ ವಿರೋಧ ಬರುವುದು, ಕಡಿಮೆಯೆಂದರೂ ವಿರೋಧ ಬರುವುದು; ಆದುದರಿಂದ ಸಮವೇ ಆಗಬೇಕೆಂದು ಸಾಧಿಸಿದನು. ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಕೇರಳದಲ್ಲಿದ್ದ ನೀಲಕಂಠ ಸೋಮಯಾಜಿಯು ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಇದೇ ತರದ ಶ್ರೇಢಿಯನ್ನೆತ್ತಿಕೊಂಡು, ಕಾಲು, ಕಾಲಿನ ಕಾಲು ಎಂದು ಕೂಡುತ್ತ ಹೋದರೆ ಮೊತ್ತವು ಮೂರನೆಯ ಒಂದು ಪಾಲಿನವರೆಗೆ ಬೆಳೆಯುವುದೇಕೆ, ಅದನ್ನು ಮೀರದಿರುವುದೇಕೆ ಎಂದು ತಾನೇ ಪ್ರಶ್ನಿಸಿಕೊಂಡಿರುವನು. ಮೂರನೆಯ ಒಂದು ಪಾಲಿನಿಂದ ಕಾಲನ್ನು ತೆಗೆದರೆ ಹನ್ನೆರಡನೆಯ ಒಂದು ಉಳಿಯುವುದು. ಅದರಿಂದ ಹದಿನಾರನೆಯ ಒಂದನ್ನು ತೆಗೆದರೆ ನಾಲ್ವತ್ತೆಂಟನೆಯ ಒಂದು. ಪ್ರತಿಯೊಂದು ಸಲವೂ ಉಳಿಕೆಯು ಹಿಂದಿನದರ ಕಾಲಂಶಕ್ಕಿಳಿಯುವುದರಿಂದ, ನಿಲ್ಲದೆ ನಡೆದರೆ ಲೆಕ್ಕಕ್ಕೆ ಸಿಗುವ ಉಳಿಕೆಯಾವುದೂ ಇರದೆಂಬುದು ಅವನ ಸಮಾಧಾನದ ತಿರುಳು.

ಇದೇ ಮಾರ್ಗದಲ್ಲಿ ಒಂಬತ್ತುಗಳನ್ನೂ ಪರೀಕ್ಷಿಸಬಹುದು. ೦.೯೯೯… ಎಂಬುದು ಒಂದಕ್ಕಿಂತ ಕಡಿಮೆಯೆನ್ನುವವನು ಎಷ್ಟು ಕಡಿಮೆಯೆಂದು ಹೇಳಬೇಕು. ಸಾಲಗಾರನು ಸಾಲವಿದೆಯೆಂದು ಒಪ್ಪಿಕೊಂಡಮೇಲೆ ಮೊಬಲಗನ್ನು ಹೇಳಬೇಕಷ್ಟೆ! ಕೋಟಿಯಲ್ಲೊಂದು ಪಾಲೆಂದರೆ, ಎಂಟು ಒಂಬತ್ತುಗಳನ್ನು ಬರೆದಾಗಲೇ ಕೊರತೆಯು ಅದಕ್ಕಿಂತ ಕಿರಿದಾಗಿರುವುದು. ಕೋಟಿಯ ಕೋಟಿಯಲ್ಲೊಂದೆಂದರೆ ಹದಿನೈದು ಸಾಕು. ಅವನು ಯಾವ ಮೊಬಲಗನ್ನು ಹೇಳಿದರೂ ಅದು ಹೆಚ್ಚೆಂದು ತೋರಿಸಬಹುದು. ಕೊನೆಗೆ ಅವನು, ಸೊನ್ನೆಗಳನ್ನು ಕೊನೆಯಿಲ್ಲದೆ ಬರೆದು ಅವುಗಳ ಕೊನೆಯಲ್ಲಿ ಒಂದನ್ನು ಬರೆದರೆ ಎಷ್ಟೋ ಅಷ್ಟು ಎಂದು ಹೇಳುವನು. ಕೊನೆಯಿಲ್ಲದುದರ ಕೊನೆ ಎಂಬ ಈ ಮಾತು ಬಂಜೆಯ ಮಗ ಎಂಬಂತೆ ಶಬ್ದಮಾತ್ರ. ಇನ್ನೊಂದು ಬಗೆಯಿಂದಲೂ ನೋಡಬಹುದು. ಕೊರತೆಯೊಂದು ಇದೆಯೆಂದೇ ಇಟ್ಟುಕೊಳ್ಳೋಣ. ೦.೯೯೯… ಎಂಬುದರಿಂದ ಮೊದಲಿನ ೦.೯ನ್ನು ತೆಗೆದಿಟ್ಟರೆ ಉಳಿಯುವುದು ೦.೦೯೯೯…, ಅಂದರೆ ಮೂಲದ ಹತ್ತನೆಯ ಒಂದು ಪಾಲು. ಒಂದರಿಂದಲೂ ೦.೯ನ್ನು ತೆಗೆದರೆ ಉಳಿಯುವುದು ಒಂದರ ಹತ್ತನೆಯ ಒಂದು ಪಾಲು. ಎರಡರಿಂದಲೂ ಸಮನಾಗಿ ತೆಗೆದುದರಿಂದ ಕೊರತೆಯು ಬದಲಾಗಲಿಲ್ಲ. ಎರಡೂ ಹತ್ತನೆಯ ಪಾಲಿಗಿಳಿದುದರಿಂದ ಕೊರತೆಯೂ ಹತ್ತನೆಯ ಪಾಲಿಗಿಳಿಯಿತು. ತನ್ನ ಹತ್ತನೆಯ ಒಂದು ಪಾಲಿಗೆ ತಾನೇ ಸಮನಾಗಿರುವ ಪರಿಮಾಣವು ಸೊನ್ನೆಯೊಂದೇ. ಆದುದರಿಂದ ಕೊರತೆಯಿಲ್ಲ, ಇದೆಯೆಂದು ಹಟ ಹಿಡಿದರೆ ಕೂಡುವ, ಕಳೆಯುವ, ಭಾಗಿಸುವ ನಿಯಮಗಳಲ್ಲಿ ಯಾವುದಾದರೊಂದನ್ನು ಬಿಟ್ಟುಕೊಡಬೇಕು.

ಹಾಗಾದರೆ ಊರನ್ನು ಮುಟ್ಟದ ದಾರಿಗನ ಗತಿಯೇನು? ಇಲ್ಲಿಯೇ ಭ್ರಮೆಯ ಮೂಲವಿರುವುದು. ೦.೯, ೦.೯೯, ೦.೯೯೯ ಎಂಬ ಸಂಖ್ಯೆಗಳು ದಾರಿಗನು ಒಂದೊಂದು ದಿನ ತಂಗುವ ಠಾಣ್ಯಗಳು. ಇವುಗಳಲ್ಲಿ ಪ್ರತಿಯೊಂದೂ ಒಂದಕ್ಕಿಂತ ಕಡಿಮೆಯೆಂಬುದು ನಿಜ. ಗಣಿತಜ್ಞನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೂರು ಚುಕ್ಕೆಗಳೊಡನೆ ಬರೆದ ೦.೯೯೯… ಎಂಬುದು ಆ ಠಾಣ್ಯಗಳಲ್ಲಿ ಯಾವುದೂ ಅಲ್ಲ. ಠಾಣ್ಯಗಳೆಲ್ಲವೂ ಸೇರಿ ಯಾವ ಸ್ಥಳವನ್ನು ತಪ್ಪದೆ ಗೊತ್ತುಮಾಡಿಕೊಡುವುವೋ ಆ ಸ್ಥಳದ ಹೆಸರು ಅದು. ಸಂಖ್ಯೆಯು ನಡೆಯುವುದಿಲ್ಲ, ಬೆಳೆಯುವುದಿಲ್ಲ, ಎಲ್ಲಿಗೂ ತಲಪಬೇಕಾಗಿಲ್ಲ. ನಡೆಯುವುದು ಅದನ್ನು ಬರೆಯುವ ಕೈ, ಎಣಿಸುವ ಮನಸ್ಸು. ಫ್ರಾನ್ಸಿನ ಕೋಶಿ ಪಂಡಿತನು ೧೮೨೧ರಲ್ಲಿ ಪ್ರಕಟಿಸಿದ ತನ್ನ ಪಾಠಗ್ರಂಥದಲ್ಲಿ ಪರಿಮಿತಿ ಎಂಬ ಭಾವನೆಯನ್ನು ಶಾಸ್ತ್ರದ ತಳಹದಿಯಾಗಿ ಇಟ್ಟನು. ಕೊನೆಯಿಲ್ಲದ ಮೊತ್ತದ ಬೆಲೆಯೆಂದರೆ, ಎಷ್ಟು ಕಿರಿದಾದ ಅಂತರವನ್ನು ಹೇಳಿದರೂ ಯಾವುದೋ ಒಂದು ಪದದಿಂದಾಚೆಗೆ ಮೊತ್ತಗಳೆಲ್ಲವೂ ಆ ಅಂತರದೊಳಗೇ ಇರುವಂತಹ ಸಂಖ್ಯೆ. ಅಂತಹ ಸಂಖ್ಯೆಯು ಇದ್ದರೆ ಒಂದೇ ಇರಬಲ್ಲುದು. ಒಂಬತ್ತುಗಳ ವಿಷಯದಲ್ಲಿ ಅದು ಒಂದೇ ಹೊರತು ಬೇರೆಯಲ್ಲ. ಎಡಕ್ಕೆ ಬೆಳೆಯುವ ಒಂಬತ್ತುಗಳಿಗಾಗಲಿ, ಗ್ರಾಂದಿಯ ಶ್ರೇಢಿಗಾಗಲಿ ಇಂತಹ ಸಂಖ್ಯೆಯಿಲ್ಲ; ಆದುದರಿಂದಲೇ ಅಲ್ಲಿ ಲೆಕ್ಕವು ದಾರಿ ತಪ್ಪಿತು. ೧೮೭೨ರಲ್ಲಿ ಜರ್ಮನಿಯ ಡೆಡೆಕಿಂಡ್ ಮತ್ತು ಕ್ಯಾಂಟರ್ ಎಂಬವರು ಬೇರೆಬೇರೆಯಾಗಿ ಸಂಖ್ಯೆಯೆಂದರೇನೆಂಬುದನ್ನೇ ವಿವರಿಸಿ ಈ ತಳಹದಿಯನ್ನು ಪೂರ್ತಿಗೊಳಿಸಿದರು.

ಇದು ಗಣಿತಜ್ಞರು ತಮ್ಮೊಳಗೆ ಮಾಡಿಕೊಂಡ ಕಟ್ಟುಪಾಡಲ್ಲವೆ, ಬೇರೆಯವರು ಬೇರೆ ಕಟ್ಟುಪಾಡನ್ನು ಮಾಡಿಕೊಳ್ಳಬಾರದೆ ಎಂದು ಕೇಳಬಹುದು. ಕಟ್ಟುಪಾಡು ಹೌದು; ಆದರೆ ಮನಬಂದಂತೆ ಮಾಡಿದ ಕಟ್ಟುಪಾಡಲ್ಲ. ಎಷ್ಟು ಚಿಕ್ಕ ಪರಿಮಾಣವಾದರೂ ಸಾಕಷ್ಟು ಸಲ ಕೂಡಿದರೆ ಎಂತಹ ದೊಡ್ಡ ಪರಿಮಾಣವನ್ನಾದರೂ ಮೀರುವುದೆಂಬ, ಆರ್ಕಿಮಿಡೀಸನ ಹೆಸರಿನಿಂದ ಪ್ರಸಿದ್ಧವಾದ ನಿಯಮವನ್ನು ಬಿಡಲು ಸಿದ್ಧರಾದವರು ಬೇರೊಂದು ಸಂಖ್ಯಾಲೋಕವನ್ನು ಕಟ್ಟಬಹುದು. ಅಬ್ರಹಾಂ ರಾಬಿನ್‌ಸನ್ ಎಂಬ ಗಣಿತಜ್ಞನು ೧೯೬೬ರ ತನ್ನ ಗ್ರಂಥದಲ್ಲಿ ಹಾಗೆ ಕಟ್ಟಿ ತೋರಿಸಿದನು. ಅಲ್ಲಿ ಸೊನ್ನೆಯಲ್ಲದಿದ್ದರೂ ಸಾಮಾನ್ಯ ಭಿನ್ನರಾಶಿಗಳೆಲ್ಲಕ್ಕಿಂತ ಚಿಕ್ಕದಾದ ಪರಿಮಾಣಗಳುಂಟು. ಅನಂತವಾದೊಂದು ಸ್ಥಾನದವರೆಗೆ ಒಂಬತ್ತುಗಳನ್ನು ಬರೆದು ನಿಲ್ಲಿಸಿದರೆ ಒಂದಕ್ಕಿಂತ ಅಂತಹ ಪರಿಮಾಣದಷ್ಟು ಕಡಿಮೆಯೇ ಆಗುವುದು. ಆದರೆ ಎಲ್ಲಿಯೂ ನಿಲ್ಲಿಸದೆ ಸ್ಥಾನಗಳನ್ನೆಲ್ಲ ಒಂಬತ್ತುಗಳಿಂದ ತುಂಬಿದರೆ ಆ ಲೋಕದಲ್ಲಿಯೂ ಅದು ಒಂದೇ. ಆಕ್ಷೇಪಿಸುವವನ ಮನಸ್ಸಿನಲ್ಲಿ ಸುಳಿದ ಅತ್ಯಲ್ಪವಾದ ಕೊರತೆಗೆ ಒಂದು ನೆಲೆ ದೊರೆತಂತಾಯಿತು. ಅವನ ತೀರ್ಮಾನಕ್ಕೆ ಮಾತ್ರ ದೊರೆಯಲಿಲ್ಲ.

ಈ ಚರ್ಚೆಯಿಂದ ಹೊರಡುವ ನೀತಿಯು ಒಪ್ಪಿಗೆಯನ್ನು ಕುರಿತದ್ದು. ಪುಸ್ತಕದಲ್ಲಿದೆ, ಉಪಾಧ್ಯಾಯರು ಹೇಳಿದರು, ಪರೀಕ್ಷೆಯಲ್ಲಿ ಹಾಗೆ ಬರೆದರೆ ಗುಣಗಳು ದೊರೆಯುವುವು ಎಂದು ತಲೆದೂಗುವ ವಿದ್ಯಾರ್ಥಿಯು ಒಂದು ನಿಜವನ್ನು ಕೈಯಲ್ಲಿ ಹಿಡಿದಿರುವನು. ಆದರೆ ಅದು ಅವನದಾಗಿಲ್ಲ. ಒಪ್ಪುವುದಿಲ್ಲವೆಂದು ಎದ್ದುನಿಂತವನು ತಪ್ಪನ್ನು ಹೇಳಿದರೂ ಶಾಸ್ತ್ರದ ಬಾಗಿಲಿಗೆ ಹೆಚ್ಚು ಸಮೀಪದಲ್ಲಿರುವನು. ೧೭೩೪ರಲ್ಲಿ ಬಾರ್ಕ್ಲಿ ಎಂಬ ಪಾದ್ರಿಯು, ಒಮ್ಮೆ ಇದೆಯೆಂದೂ ಮರುಕ್ಷಣವೇ ಇಲ್ಲವೆಂದೂ ಎಣಿಸಲ್ಪಡುತ್ತಿದ್ದ ಅತ್ಯಲ್ಪ ಪರಿಮಾಣಗಳನ್ನು ಹಾಸ್ಯಮಾಡಿ, ನ್ಯೂಟನ್ನನ ಅನುಯಾಯಿಗಳಿಗೆ ಸವಾಲು ಹಾಕಿದನು. ಅವರ ಲೆಕ್ಕಗಳ ಉತ್ತರಗಳು ಸರಿಯಾಗಿದ್ದುವು, ಕಾರಣಗಳು ಸರಿಯಾಗಿರಲಿಲ್ಲ. ಆ ಸವಾಲಿಗೆ ನೆಟ್ಟನೆಯ ಉತ್ತರವು ಸಿದ್ಧವಾಗುವುದಕ್ಕೆ ಕೋಶಿಯವರೆಗೂ, ಅವನ ಮುಂದಿನವರವರೆಗೂ ಕಾಯಬೇಕಾಯಿತು. ಒಪ್ಪದವನೊಬ್ಬನು ಇದ್ದುದರಿಂದ ಶಾಸ್ತ್ರಕ್ಕೆ ಆದ ಉಪಕಾರವು ಸಣ್ಣದಲ್ಲ. ಆದರೆ ಒಪ್ಪದಿರುವುದಕ್ಕೂ ಒಂದು ಕಟ್ಟಳೆಯುಂಟು. ಕೊರತೆಯಿದೆಯೆಂದವನು ಕೊರತೆಯನ್ನು ತೋರಿಸಬೇಕು. ತೋರಿಸಲಾರದಾಗ, ಅದನ್ನು ಇದೆಯೆಂದರೆ ಬರುವ ವಿರೋಧವನ್ನು ಕಣ್ಣಾರೆ ಕಂಡಮೇಲೆ, ಮನಸ್ಸಿಗೆ ಹಿತವಾಗಲಿಲ್ಲವೆಂಬ ಒಂದೇ ಕಾರಣದಿಂದ ಅಲ್ಲಿಯೇ ನಿಲ್ಲುವುದು ಧೈರ್ಯವಲ್ಲ. ಕೇಳುವವನ ಬಾಯಿ ಮುಚ್ಚಿಸುವುದಕ್ಕೆ ಅವಸರಪಡದಿರುವುದು ಹೇಳುವವನ ಧರ್ಮ. ಕಾರಣವು ದೊರೆತಾಗ ಮನಸ್ಸನ್ನು ಬದಲಾಯಿಸುವುದು ಕೇಳುವವನ ಧರ್ಮ. ಈ ಎರಡೂ ಕೂಡಿದ ಕಡೆಯಲ್ಲಿ, ಕೊನೆಯಿಲ್ಲದ ಒಂಬತ್ತುಗಳ ಸಾಲು ಒಂದೇ ಎಂಬ ಮಾತು ಒಬ್ಬರಿಂದೊಬ್ಬರಿಗೆ ಬಲಾತ್ಕಾರವಿಲ್ಲದೆ ದಾಟುವುದು.